ಹೆನ್ರಿ ಮಾಡ್ಸ್ಲೆ

ಹೆನ್ರಿ ಮಾಡ್ಸ್ಲೆ (22 ಆಗಸ್ಟ್ 1771 – 14 ಫೆಬ್ರವರಿ 1831) ಇಂಗ್ಲೆಂಡಿನ ಯಂತ್ರನಿರ್ಮಾಪಕ. ಲೋಹದ ತುಂಡನ್ನೂ ಅದನ್ನು ಕತ್ತರಿಸುವ ಉಳಿಯನ್ನೂ ಕೈಗೆ ಬದಲಾಗಿ ಯಂತ್ರವೇ ಅಲುಗದಂತೆ ಹಿಡಿಯುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಪ್ರಮುಖ. ಮನೆಯ ಸಣ್ಣ ಕಾರ್ಯಾಗಾರದ ಲೇತಿನಲ್ಲಿ ಇಂದಿಗೂ ಕಾಣುವ ಸ್ಲೈಡ್ ರೆಸ್ಟ್ ಈತನ ಹೆಸರಿನೊಡನೆ ಸೇರಿಕೊಂಡಿದೆ.

ಬಾಲ್ಯ

ಜನನ ಲಂಡನ್ ಬಳಿಯ ವೂಲಿಚ್‌ನಲ್ಲಿ. ತಂದೆ ಅಲ್ಲಿನ ಶಸ್ತ್ರಾಗಾರದಲ್ಲಿ ಉಗ್ರಾಣಪಾಲಕನಾಗಿದ್ದ. ಹನ್ನೆರಡನೆಯ ವಯಸ್ಸಿನಲ್ಲಿ ಮಾಡ್ಸ್ಲೆ ಅಲ್ಲಿಯೇ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದ. ಅನಂತರ ಬಡಗಿಯ ಕೆಲಸಕ್ಕೆ ಹಾಕಿದರೂ ಮನಸ್ಸು ಕುಲುಮೆಯ ಕಡೆಗೇ ಇತ್ತು. ಹದಿನೈದರ ಸುಮಾರಿಗೆ ಕಮ್ಮಾರಿಕೆ ದೊರೆಯಿತು.

ಬ್ರಾಮಾನ ಕಾರ್ಯಾಗಾರ

ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದಿದ್ದ ಬೀಗದ ಭಾಗಗಳು ಬಹಳ ಸೂಕ್ಷ್ಮವಾದವು. ಅವನ್ನು ಕೈಯಿಂದ ಅಗ್ಗವಾಗಿ ಮಾಡುವುದು ಕಷ್ಟವಾಗಿತ್ತು. ಈ ಕೆಲಸಕ್ಕೆಂದು ಕರೆಸಿಕೊಂಡ ಮಾಡ್ಸ್ಲೆಗೆ ಆಗ ಹದಿನೆಂಟೇ ವರ್ಷ. ಏಳು ವರ್ಷಗಳ ಕ್ರಮಬದ್ಧ ಶಿಷ್ಯವೃತ್ತಿ ಮುಗಿಸದವನನ್ನು ನುರಿತವರ ಸಾಲಿಗೆ ಸೇರಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ಆಗ ಆತ ಮೂಲೆಯಲ್ಲಿದ್ದ ಸವೆದ ವೈಸೊಂದನ್ನು ತೋರಿಸಿ, ಸಂಜೆಯೊಳಗೆ ಅದನ್ನು ಹೊಸದರಂತೆ ಮಾಡಿಕೊಡುವುದಾಗಿ ಹೇಳಿದನಂತೆ. ಅದರ ಉಕ್ಕಿನ ದವಡೆಗಳನ್ನು ಅರದಿಂದ ಉಜ್ಜಿ, ಹೊಸ ಹಲ್ಲುಗಳನ್ನು ಕೊರೆದು, ಕಾಸಿ ಗಟ್ಟಿಗೊಳಿಸಿ, ಹೇಳಿದ ಹೊತ್ತಿಗಿಂತ ಮೊದಲೇ ಜೋಡಿಸಿಟ್ಟ ಎಂದು ಜೀವನಕಥೆಗಳು ಹೇಳುತ್ತವೆ. ಆಕ್ಷೇಪ ಅಲ್ಲಿಗೆ ನಿಂತಿತು.

ಬೀಗದ ಭಾಗಗಳಿಗಾಗಿ ಅಲ್ಲಿ ಸಿದ್ಧವಾದ ಸಾಧನಗಳಲ್ಲಿ ಸ್ಪ್ರಿಂಗ್ ಸುತ್ತುವ ಯಂತ್ರವೂ ಬೇಗ ಬಿಗಿಯುವ ವೈಸೂ ಇದ್ದವು. 1797ರಲ್ಲಿ ವಾರಕ್ಕೆ 30 ಷಿಲಿಂಗ್ ಪಡೆಯುತ್ತಿದ್ದ ಮಾಡ್ಸ್ಲೆ, ಸಂಸಾರ ಬೆಳೆದುದರಿಂದ ಹೆಚ್ಚಿನ ಕೂಲಿ ಕೇಳಿದ. ಬ್ರಾಮಾ ಒಪ್ಪಲಿಲ್ಲ. ಆತ ಹೊರಬಂದು ಲಂಡನ್ನಿನ ವೆಲ್ಸ್ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದ.

ಸ್ಲೈಡ್ ರೆಸ್ಟ್ ಮತ್ತು ತಿರುಪು

ಅಂದಿನ ಲೇತಿನಲ್ಲಿ ಉಳಿಯನ್ನು ಕೆಲಸಗಾರ ಸಾಮಾನ್ಯವಾಗಿ ಕೈಯಲ್ಲೇ ಒತ್ತಿ ಹಿಡಿಯುತ್ತಿದ್ದ. ಕೈ ದಣಿದಂತೆ ಅಳತೆಯೂ ತಪ್ಪುತ್ತಿತ್ತು. ಸ್ಲೈಡ್ ರೆಸ್ಟ್ ಉಳಿಯನ್ನು ಬಿಗಿಯಾಗಿ ಹಿಡಿದು ನೇರ ಹಳಿಯ ಮೇಲೆ ಸರಿಸುತ್ತದೆ. ಇದನ್ನು ಮಾಡ್ಸ್ಲೆಯೇ ಮೊದಲು ಕಂಡುಹಿಡಿದ ಎನ್ನುವುದು ಸರಿಯಲ್ಲ. ಅದಕ್ಕೂ ಹಿಂದಿನ ಮಾದರಿಗಳುಂಟು. 1800ರ ಸುಮಾರಿನ ತನ್ನ ಲೇತಿನಲ್ಲಿ ಅದನ್ನು ಮುನ್ನಡೆಸುವ ತಿರುಪಿನೊಂದಿಗೂ ಬದಲಾಯಿಸಬಲ್ಲ ಹಲ್ಲುಗಾಲಿಗಳೊಂದಿಗೂ ಕೂಡಿಸಿ, ಕರಾರುವಾಕ್ಕಾದ ತಿರುಪುಗಳನ್ನು ಮತ್ತೆ ಮತ್ತೆ ಕೊರೆಯುವಂತೆ ಮಾಡಿದ್ದು ಈತನ ಸಾಧನೆ. ಅದುವರೆಗೆ ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಹೊಂದುವ ಭರವಸೆಯೇ ಇರಲಿಲ್ಲ.

ಪೋರ್ಟ್ಸ್‌ಮತ್ ಯಂತ್ರಗಳು

ಮಾರ್ಕ್ ಬ್ರುನೆಲ್ ರೂಪಿಸಿದ, ಹಡಗಿನ ರಾಟೆಗಳನ್ನು ತಯಾರಿಸುವ ಯಂತ್ರಗಳನ್ನು 1802ರಿಂದ ಮಾಡ್ಸ್ಲೆ ನಿರ್ಮಿಸಿಕೊಟ್ಟ. ಮೊದಲ ಯಂತ್ರದ ಹಿಡಿಕೆಗಳು ಮರದ ದಿಮ್ಮಿಯ ಮೇಲೆ ಒತ್ತಿದ ಗುರುತುಗಳನ್ನೇ ಮುಂದಿನ ಯಂತ್ರಗಳಲ್ಲಿ ಅದನ್ನು ಅದೇ ನೆಲೆಯಲ್ಲಿ ಕೂರಿಸಲು ಬಳಸುತ್ತಿದ್ದರು. ಹೀಗಾಗಿ 110 ನುರಿತವರ ಕೆಲಸವನ್ನು ಪಳಗದ 10 ಮಂದಿ ಮಾಡಬಲ್ಲವರಾದರು. ಯಂತ್ರದ ಹಿಡಿತ ಕೈಚಳಕದ ಸ್ಥಾನವನ್ನು ಆಕ್ರಮಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಆ ಕಾಲದಲ್ಲಿ ವಿರಳ.

ಕೊನೆಯ ವರ್ಷಗಳು

1810ರಲ್ಲಿ ಕಾರ್ಖಾನೆ ಲ್ಯಾಂಬೆತ್‌ಗೆ ಸ್ಥಳಾಂತರವಾಯಿತು. ಅಲ್ಲಿ ಅಳತೆಯ ವಿವಾದಗಳನ್ನು ಬಗೆಹರಿಸಲು ಇದ್ದ ಮೈಕ್ರೋಮೀಟರಿಗೆ ಲಾರ್ಡ್ ಚಾನ್ಸಲರ್ ಎಂಬ ಹೆಸರಿತ್ತು. ಜೋಸೆಫ್ ವಿಟ್ವರ್ತ್, ರಿಚರ್ಡ್ ರಾಬರ್ಟ್ಸ್, ಜೇಮ್ಸ್ ನ್ಯಾಸ್ಮಿತ್ ಮೊದಲಾದವರು ಇಲ್ಲಿ ಪಳಗಿದವರು. 1831ರಲ್ಲಿ ಫ್ರಾನ್ಸಿನಿಂದ ಹಿಂದಿರುಗುವಾಗ ಶೀತ ತಗುಲಿ ಮಾಡ್ಸ್ಲೆ ತೀರಿಕೊಂಡ. ವೂಲಿಚ್‌ನ ಸೇಂಟ್ ಮೇರಿ ಚರ್ಚಿನ ಆವರಣದಲ್ಲಿ ಸಮಾಧಿಯಿದ್ದು, ಅದಕ್ಕೆ ಬೇಕಾದ ಎರಕದ ಕಬ್ಬಿಣದ ಸ್ಮಾರಕದ ವಿನ್ಯಾಸವನ್ನು ಆತನೇ ಮಾಡಿದ್ದ.