ಪಾದ್ರಿಗೆ ಯಾಕೆ ಬೇಕು ಊರ ಉಸಾಬರಿ? ಉತ್ತಂಗಿ ಚನ್ನಪ್ಪನವರ ಬದುಕು

ಚುನಾವಣೆ ಬಂತೆಂದರೆ ಉಮೇದುವಾರರ ಗಾಡಿ ಮಠದ ಮುಂದೂ ನಿಲ್ಲುತ್ತದೆ, ದರ್ಗಾದ ಮುಂದೂ ನಿಲ್ಲುತ್ತದೆ, ಚರ್ಚಿನ ಮುಂದೂ ನಿಲ್ಲುತ್ತದೆ. ಆಗ ಹಳೇ ತಕರಾರು ಮತ್ತೆ ಎದ್ದು ಕೂಡುತ್ತದೆ. ಪಾದ್ರಿಗಳಿಗೆ ರಾಜಕಾರಣ ಯಾಕೆ ಬೇಕು, ಬೈಬಲ್ಲು ಓದಿಕೊಂಡು ಸುಮ್ಮನಿರಬಾರದೇ ಅಂತ ಕೆಲವರು. ಓಟಿನ ಚೀಟಿ ನಮ್ಮ ಕೈಯಾಗೂ ಐತಲ್ಲ ಅಂತ ಇನ್ನು ಕೆಲವರು. ಈ ವಾದ ಮಾಡುವ ಮಂದಿ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬದುಕನ್ನು ಒಮ್ಮೆ ನೋಡಿದರೆ ಚಲೋ.

ಚನ್ನಪ್ಪನವರು ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಹೆಸರಿನ ಹಿಂದಿರುವ ಉತ್ತಂಗಿ ಹಡಗಲಿ ತಾಲೂಕಿನ ಹಳ್ಳಿ. ಮುಂಡರಗಿ ಕಡೆಯವರಿಗೆ ತುಂಗಭದ್ರೆಯ ಆಚೆ ದಂಡೆ. ಮನೆತನ ಬಾಸೆಲ್ ಮಿಶನ್ ಸಭೆಯದು. ಮಂಗಳೂರಿನ ಸೆಮಿನರಿಯಲ್ಲಿ ಓದಿ, ಧಾರವಾಡ ಸೀಮೆಯ ಸಭೆಗಳಲ್ಲಿ ಪಾದ್ರಿಯಾಗಿ ದುಡಿದರು.

ಈ ಮಿಶನ್ ನಮ್ಮ ಊರಿಗೆ ಹೊಸದಲ್ಲ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಅದೇ ವರ್ಷ ಗದಗಿನ ಮಗ್ಗುಲಿನ ಮಲ್ಲಸಮುದ್ರದಲ್ಲೂ ನೆಲೆ ಮಾಡಿದರು. ಜರ್ಮನಿ, ಸ್ವಿಜರ್ಲೆಂಡಿನಿಂದ ಬಂದ ಆ ಪಾದ್ರಿಗಳು ಶಾಲೆ ತೆರೆದರು, ಮಗ್ಗ ಹಾಕಿದರು, ಮುಂದೆ ದವಾಖಾನಿಯನ್ನೂ ಮಾಡಿದರು. ಆದರೆ ಸರಕಾರದ ವಿಷಯಕ್ಕೆ ಕೈ ಹಾಕಬಾರದು ಅಂಬೋದು ಅವರ ಕಟ್ಟುನಿಟ್ಟು.

ಆ ಕಟ್ಟುನಿಟ್ಟು 1914ರಲ್ಲಿ ಕೆಲಸಕ್ಕೆ ಬರಲಿಲ್ಲ. ಮೊದಲನೇ ಮಹಾಯುದ್ಧ ಹತ್ತಿಕೊಂಡಿತು. ರಾಜಕಾರಣ ಬೇಡವೆಂದವರ ಬಾಗಿಲಿಗೆ ರಾಜಕಾರಣ ತಾನೇ ನಡಕೊಂಡು ಬಂತು. ಬ್ರಿಟಿಷ್ ಸರಕಾರ ಅನೇಕ ಜರ್ಮನ್ ಪಾದ್ರಿಗಳನ್ನು ವೈರಿ ದೇಶದವರೆಂದು ಹಿಡಿದು ಅಹ್ಮದನಗರದ ಕ್ಯಾಂಪಿಗೆ ಹಾಕಿತು, ಆಮೇಲೆ ಹಡಗು ಹತ್ತಿಸಿ ಕಳಿಸಿತು. ಹೆಂಚಿನ, ನೇಯ್ಗೆಯ ಕಾರಖಾನೆಗಳು ಮಿಶನ್ನಿನ ಕೈ ಬಿಟ್ಟು ಬೇರೆ ಟ್ರಸ್ಟಿನ ಪಾಲಾದವು. ಸಭೆಗಳ ಭಾರ ಬಹಳಷ್ಟು ಬಿದ್ದದ್ದು ಇಲ್ಲಿಯ ಮಣ್ಣಿನ ಪಾದ್ರಿಗಳ ಹೆಗಲಿಗೆ. ಚನ್ನಪ್ಪನವರಿಗೆ ಆಗ 33ರ ಪ್ರಾಯ.

ಅವರ ಮನಸ್ಸು ಎತ್ತ ಹರಿಯುತ್ತಿತ್ತು ಅಂಬೋದು ಅವರು ಬರೆದ ಪುಸ್ತಕಗಳಿಂದ ತಿಳಿಯುತ್ತದೆ. 1921ರಲ್ಲಿ ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಬರೆದರು. ಮರಾಠಿ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರ ಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟರು. ಈ ಟಿಳಕರು 1917ರಲ್ಲಿ ಅಮೇರಿಕನ್ ಮಿಶನ್ನಿನ ಪಗಾರ ಬಿಟ್ಟು ಹೊರಬಿದ್ದವರು, ದೇಶಾಭಿಮಾನಿ. ಅಂಥವರ ಚರಿತ್ರೆ ಬರೆಯಲು ಮಿಶನ್ನಿನ ಪಾದ್ರಿಗೆ ಎದೆ ಬೇಕು.

ಇನ್ನು ಸರ್ವಜ್ಞ. ಹಳ್ಳಿ ಹಳ್ಳಿ ತಿರುಗಿ, ತಾಳೆಗರಿ ಹುಡುಕಿ, ಬಾಯಿಪಾಠದವರನ್ನು ಕೇಳಿ, ಎರಡು ಸಾವಿರದ ಹತ್ತಿರ ಹತ್ತಿರ ತ್ರಿಪದಿ ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ಅಂಗಡಿಯ ಗಲ್ಲೆ ಮೇಲೆ ಕೂತು ಸರ್ವಜ್ಞನ ಮಾತು ಹೇಳುವ ಎಷ್ಟು ಮಂದಿಗೆ ಅದನ್ನು ಕೂಡಿಸಿದವರು ಒಬ್ಬ ಪಾದ್ರಿ ಅಂಬೋದು ಗೊತ್ತು?

ಅದೇ 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಕೇಳಿಬಂತು. ಆ ಹೊತ್ತಿನ ರಾಜಕಾರಣ ಅಂದರೆ ಬರೀ ಓಟಲ್ಲ, ನಾಡು ಒಂದಾಗುವುದು. ಈಗ ಗದಗಿನಲ್ಲಿ ಬಸ್ ಹತ್ತಿದವರು ಲಕ್ಷ್ಮೇಶ್ವರದಲ್ಲಿ ಇಳಿದು ಚಹಾ ಕುಡಿದು ಸಂಜೆಗೆ ತಿರುಗಿ ಬರುತ್ತಾರೆ. ಆಗ ಗದಗ, ಮುಂಡರಗಿ ಮುಂಬಯಿ ಪ್ರಾಂತದಲ್ಲಿ. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಶಿರಹಟ್ಟಿ ಸಾಂಗಲಿಯದು. ಮುಂಡರಗಿ ದಾಟಿ ಕೊಪ್ಪಳಕ್ಕೆ ಹೋದರೆ ನಿಜಾಮನ ರಾಜ್ಯ, ಹೊಳೆ ದಾಟಿ ಹಡಗಲಿಗೆ ಹೋದರೆ ಮದ್ರಾಸಿನ ಆಳಿಕೆ. ಐದು ಸರಕಾರ, ಮಾತು ಮಾತ್ರ ಒಂದೇ. ಚನ್ನಪ್ಪನವರು ಓಡಾಡಿದ್ದು ಇಂಥ ಹರಕು ಸೀಮೆಯಲ್ಲಿ.

ಕ್ರೈಸ್ತರಿಗೆ ಆಗ ಸರಕಾರ ಬೇರೊಂದು ದಾರಿ ತೋರಿಸಿತ್ತು. 1935ರ ಕಾಯದೆಯಂತೆ ಮದ್ರಾಸು, ಮುಂಬಯಿಯಲ್ಲಿ ಭಾರತೀಯ ಕ್ರೈಸ್ತರಿಗೇ ಪ್ರತ್ಯೇಕ ಮತದಾರ ಪಟ್ಟಿ, ಪ್ರತ್ಯೇಕ ಸ್ಥಾನ. ನಮ್ಮವರಿಗೆ ನಮ್ಮವರೇ ಓಟು ಹಾಕುವ ಏರ್ಪಾಡು. ಸಣ್ಣ ಸಮಾಜಕ್ಕೆ ಇದು ಆಸೆ ಹುಟ್ಟಿಸುವ ಮಾತೇ. ಆದರೆ ಓಟು ಬೇರೆಯಾದ ದಿನವೇ ನೆರೆಮನೆಯವನೂ ದೂರಾಗುತ್ತಾನೆ, ಇದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

1949ರಲ್ಲಿ ಎರಡು ಸಂಗತಿ ನಡೆದವು. ಮೇ ತಿಂಗಳಲ್ಲಿ ದಿಲ್ಲಿಯ ಸಂವಿಧಾನ ಸಭೆ ಅಲ್ಪಸಂಖ್ಯಾತರ ಮೀಸಲು ಸ್ಥಾನ ಕೈಬಿಟ್ಟಿತು. ಅಲ್ಲಿ ಸದಸ್ಯರಾಗಿದ್ದ ಜೆಸ್ವಿಟ್ ಪಾದ್ರಿ, ಮಂಗಳೂರು ಸೀಮೆಯ ಜೆರೋಮ್ ಡಿಸೋಜಾ ಅವರು ಅದಕ್ಕೆ ಒಪ್ಪಿಗೆ ಕೊಟ್ಟರು. ಅದೇ ವರ್ಷ ಕಲಬುರ್ಗಿಯಲ್ಲಿ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಉತ್ತಂಗಿ ಚನ್ನಪ್ಪನವರು.

ಕಲಬುರ್ಗಿ ಅಂದರೆ ಸುಮ್ಮನೆ ಅಲ್ಲ. 1948ರ ಸಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆಯಾಗಿ ಹೈದರಾಬಾದು ಆಗಷ್ಟೇ ಬಿಡುಗಡೆ ಕಂಡಿತ್ತು. ರಜಾಕಾರರ ಕಾಲದಲ್ಲಿ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಗಡಿ ಶಿಬಿರ ನಡೆದದ್ದು ಈ ಭಾಗದ ಹಿರೇಮಂದಿಗೆ ಮರೆಯುವ ಮಾತಲ್ಲ. ಅಂಥ ಗಾಯ ಇನ್ನೂ ಹಸಿ ಇದ್ದ ಊರಲ್ಲಿ ಸಮ್ಮೇಳನ. 1948ರದು ಕಾಸರಗೋಡಿನಲ್ಲಿ, 1950ರದು ಸೊಲ್ಲಾಪುರದಲ್ಲಿ, 1951ರದು ಮುಂಬಯಿಯಲ್ಲಿ; ಸಾಲಾಗಿ ಎಲ್ಲವೂ ಮೈಸೂರಿನ ಹೊರಗೆ. ಸಾಹಿತ್ಯದ ಹಂದರದ ಕೆಳಗೆ ಏಕೀಕರಣದ ಕೆಲಸ. ಆ ಹಂದರದಲ್ಲಿ ಪಾದ್ರಿಯನ್ನು ಕೂಡಿಸುವಾಗ ಕನ್ನಡಿಗರು ಅವರ ಜಾತಿಯ ಓಟೆಷ್ಟು ಅಂತ ಎಣಿಸಲಿಲ್ಲ. ತಿರುಳ್ಗನ್ನಡದ ತಿರುಕ ಅಂಬೋ ಹೆಸರು ಅವರಿಗೆ ನಿಂತಿತು.

ಮುಂದೆ 1951ರಲ್ಲಿ ಅನುಭವ ಮಂಟಪದ ಐತಿಹಾಸಿಕತೆ. ಬಸವಣ್ಣನವರ ಅನುಭವ ಮಂಟಪ ನಿಜವಾಗಿ ಇತ್ತೋ ಇಲ್ಲವೋ ಎಂದು ಪಂಡಿತರು ಸಂಶಯ ಎತ್ತಿದಾಗ, ಇತ್ತು ಅಂತ ಆಧಾರ ಹಿಡಿದು ನಿಂತವರಲ್ಲಿ ಈ ಪಾದ್ರಿಯೂ ಒಬ್ಬರು. ಇದರಿಂದ ಯಾವ ಸೀಟೂ ಸಿಗುವಂತಿರಲಿಲ್ಲ.

ಚರ್ಚಿನ ಕಟ್ಟೆ ಯಾವುದೋ ಪಕ್ಷದ ಕಚೇರಿಯಾಗುವುದು ಬೇರೆ, ಚರ್ಚಿನ ಮನುಷ್ಯ ನಾಡಿನ ಕೆಲಸಕ್ಕೆ ಹೆಗಲು ಕೊಡುವುದು ಬೇರೆ. ಮೊದಲನೆಯದನ್ನು ಈಗ ಕಾಯದೆಯೇ ತಡೆಯುತ್ತದೆ. 1988ರ ಕೇಂದ್ರದ ಕಾಯದೆಯಂತೆ ಗುಡಿ, ಮಸೀದಿ, ಚರ್ಚು ಯಾವುದರ ಆವರಣವನ್ನೂ ರಾಜಕೀಯ ಕೆಲಸಕ್ಕೆ ಬಳಸುವಂತಿಲ್ಲ. ಪಾಲಿಸುವವರು ಎಷ್ಟು ಅಂಬೋದು ಬಸ್‌ಸ್ಟ್ಯಾಂಡಿನ ಮಂದಿಗೇ ಗೊತ್ತು. ಎರಡನೆಯದನ್ನು ಯಾವ ಕಾಯದೆಯೂ ತಡೆದಿಲ್ಲ, ಚನ್ನಪ್ಪನವರು ಮಾಡಿದ್ದು ಅದನ್ನೇ.

1953ರ ಅಕ್ಟೋಬರಿನಲ್ಲಿ ಉತ್ತಂಗಿಯ ಹಡಗಲಿ ತಾಲೂಕು ಮದ್ರಾಸಿನ ಆಳಿಕೆ ಬಿಟ್ಟು ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ಗದಗ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ, ಕೊಪ್ಪಳ ಎಲ್ಲ ಒಂದೇ ರಾಜ್ಯದೊಳಗೆ ಬಂದವು. ಅದನ್ನು ಕಂಡ ಚನ್ನಪ್ಪನವರಿಗೆ ಆಗ 75. ಆಮೇಲೂ ಅವರು ವಚನಗಳ ಕೆಲಸ ಬಿಡಲಿಲ್ಲ. ಆದಯ್ಯನ ವಚನಗಳು ಹೊರಬಂದದ್ದು 1957ರಲ್ಲಿ. 1962ರ ಆಗಸ್ಟ್ 28ರಂದು ತೀರಿಕೊಂಡರು.