ಕುದುರೆಯ ಕಾಲಿನ ಲೆಕ್ಕ ಹಿಡಿದ ಮೈಬ್ರಿಜ್



ಉಪ್ಪಿನಂಗಡಿಯ ವಿಜಯ-ವಿಕ್ರಮ ಜೋಡುಕರೆ ಕಂಬಳ ನೋಡದವರು ನಮ್ಮ ಕ್ಲಾಸಿನಲ್ಲಿ ಯಾರೂ ಇಲ್ಲ. ಆದರೂ ಒಂದು ಪ್ರಶ್ನೆ ಕೇಳ್ತೇನೆ. ಕೋಣ ಓಡುವಾಗ ಯಾವ ಕಾಲು ಮೊದಲು ನೆಲಕ್ಕೆ ತಾಗ್ತದೆ? ನಾನು ಕರೆಯ ಬದಿಯಲ್ಲೇ ನಿಂತು ನೋಡಿದ್ದೆ. ಕೆಸರುನೀರು ಮುಖಕ್ಕೆ ಹಾರಿತೇ ಹೊರತು ಕಾಲಿನ ಲೆಕ್ಕ ಸಿಗಲಿಲ್ಲ.

ಈ ಪ್ರಶ್ನೆ ಯಾಕೆ ಬಂತೆಂದರೆ, ನಾನು ಶಾಲೆಯ ಕಂಪ್ಯೂಟರಿನಲ್ಲಿ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿನಿಂದ ಕೋಣ ಓಡಿಸ್ಲಿಕ್ಕೆ ಹೊರಟಿದ್ದೆ. ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದ ಒಂದು ಚಿತ್ರ, ನೆಟ್ಟಗೆ ನಿಂತ ಇನ್ನೊಂದು ಚಿತ್ರ ಬಿಡಿಸಿ, ಒಂದಾದ ಮೇಲೊಂದು ತೋರಿಸುವ ಹಾಗೆ ಮಾಡಿದೆ. ಕೋಣ ಓಡಲಿಲ್ಲ, ಕಪ್ಪೆಯ ಹಾಗೆ ಕುಪ್ಪಳಿಸಿತು! ಕ್ಲಾಸಿಡೀ ನಕ್ಕಿತು. ವಿಜ್ಞಾನದ ಟೀಚರ್ ಮಾತ್ರ ನಗದೆ, ಎಡ್ವರ್ಡ್ ಮೈಬ್ರಿಜ್ ಎಂಬವರ ಬಗ್ಗೆ ಓದಲು ಹೇಳಿದರು. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೈಬ್ರಿಜ್ 1830ರ ಏಪ್ರಿಲ್ 9ರಂದು ಇಂಗ್ಲೆಂಡಿನ ಕಿಂಗ್‌ಸ್ಟನ್ ಎಂಬ ಊರಿನಲ್ಲಿ ಹುಟ್ಟಿದರು. ಪ್ರಾಯಕ್ಕೆ ಬಂದ ಮೇಲೆ ಅಮೆರಿಕಕ್ಕೆ ಹೋಗಿ ಪುಸ್ತಕದ ಅಂಗಡಿ ಇಟ್ಟರು. 1860ರಲ್ಲಿ ಅವರು ಕೂತಿದ್ದ ಗಾಡಿಯ ಕುದುರೆಗಳು ಹತೋಟಿ ತಪ್ಪಿ ಓಡಿ ಅಪಘಾತವಾಯಿತು. ತಲೆಗೆ ಜೋರು ಪೆಟ್ಟಾಯಿತು. ಗುಣವಾಗ್ಲಿಕ್ಕೆ ಊರಿಗೆ ಹೋದವರು ತಿರುಗಿ ಅಮೆರಿಕಕ್ಕೆ ಬರುವಾಗ ಫೋಟೋಗ್ರಾಫರ್ ಆಗಿದ್ದರು.

ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್ ಎಂಬ ಶ್ರೀಮಂತರಿಗೆ ಕುದುರೆಗಳೆಂದರೆ ಪ್ರಾಣ. ಓಡುವ ಕುದುರೆಯ ನಾಲ್ಕೂ ಕಾಲು ಒಂದೇ ಸಲ ನೆಲ ಬಿಡ್ತದಾ ಇಲ್ವಾ ಎಂದು ತಿಳಿಯಬೇಕಿತ್ತು. 1872ರಲ್ಲಿ ಆ ಕೆಲಸ ಮೈಬ್ರಿಜ್ ಅವರಿಗೆ ಬಂತು. ಆಗಿನ ಕ್ಯಾಮರಾದ ಮುಂದೆ ಮನುಷ್ಯರೇ ಅಲ್ಲಾಡದೆ ಕೂರಬೇಕಿತ್ತು. ಹಾಗಿರುವಾಗ ಓಡುವ ಕುದುರೆ ಫೋಟೋದಲ್ಲಿ ಸ್ಪಷ್ಟವಾಗಿ ಬೀಳುವುದು ಹೇಗೆ?

ಈ ನಡುವೆ 1874ರಲ್ಲಿ ಅವರು ತಮ್ಮ ಹೆಂಡತಿಯ ಸ್ನೇಹಿತನೊಬ್ಬನನ್ನು ಗುಂಡಿಕ್ಕಿ ಕೊಂದರು. 1875ರಲ್ಲಿ ಕೋರ್ಟು ಬಿಡುಗಡೆ ಮಾಡಿತು. ಇದನ್ನು ಬರೆಯುವುದು ಬೇಡ ಎಂದುಕೊಂಡಿದ್ದೆ. ಆದರೆ ಒಳ್ಳೆಯದನ್ನು ಮಾತ್ರ ಬರೆದರೆ ಅದೂ ಸುಳ್ಳು ಚಿತ್ರವೇ ಆಗ್ತದೆ ಎಂದು ಟೀಚರ್ ಹೇಳಿದ್ದರಿಂದ ಬರೆದೆ.

1878ರ ಜೂನ್ ತಿಂಗಳಲ್ಲಿ ಪಾಲೊ ಆಲ್ಟೊ ಎಂಬಲ್ಲಿ ಮೈಬ್ರಿಜ್ ಓಟದ ದಾರಿಯ ಬದಿಗೆ 12 ಕ್ಯಾಮರಾಗಳನ್ನು ಸಾಲಾಗಿ ಇಟ್ಟರು. ಕ್ಯಾಮರಾದಿಂದ ಕ್ಯಾಮರಾಕ್ಕೆ 27 ಇಂಚು ಅಂತರ. ದಾರಿಗೆ ಅಡ್ಡವಾಗಿ ನೂಲು ಕಟ್ಟಿದ್ದರು. ಸ್ಯಾಲಿ ಗಾರ್ಡ್ನರ್ ಎಂಬ ಹೆಣ್ಣು ಕುದುರೆ ಓಡಿ ಬಂದು ಒಂದೊಂದು ನೂಲಿಗೆ ತಾಗುವಾಗಲೂ ಒಂದೊಂದು ಫೋಟೋ ಬಿತ್ತು. ಕಂಬಳದಲ್ಲಿ ಈಗ ಮಂಜೊಟ್ಟಿಯ ಹತ್ತಿರ ಲೇಸರ್ ಕಿರಣ ಇಟ್ಟು ಸಮಯ ಲೆಕ್ಕ ಮಾಡ್ತಾರಲ್ಲ, ಹೆಚ್ಚುಕಡಿಮೆ ಅದೇ ಉಪಾಯ.

ಫೋಟೋ ನೋಡಿದರೆ ನಾಲ್ಕೂ ಕಾಲು ನೆಲ ಬಿಟ್ಟದ್ದು ನಿಜ. ಆದರೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಅಡಿಗೆ ಮಡಚಿದಾಗ! ಎಷ್ಟೋ ಕಾಲದಿಂದ ದೊಡ್ಡ ದೊಡ್ಡ ಚಿತ್ರಕಾರರು ಚಾಚಿದ ಕಾಲಿನ ಕುದುರೆಯನ್ನೇ ಬರೆಯುತ್ತಿದ್ದರು. ನಾನು ಕೋಣಕ್ಕೆ ಮಾಡಿದ್ದೂ ಅದನ್ನೇ. ಕಣ್ಣು ಎಲ್ಲರಿಗೂ ಮೋಸ ಮಾಡ್ತದೆ ಎಂದು ಗೊತ್ತಾಗಿ ನನಗೆ ಸ್ವಲ್ಪ ಸಮಾಧಾನವಾಯಿತು.

1879ರಲ್ಲಿ ಅವರು ತಿರುಗುವ ಗಾಜಿನ ತಟ್ಟೆಯ ಮೇಲೆ ಇಂಥ ಚಿತ್ರಗಳನ್ನು ಬರೆಸಿ, ಪರದೆಯ ಮೇಲೆ ಕುದುರೆ ಓಡಿಸುವ ಯಂತ್ರ ಮಾಡಿದರು. ಅದರ ಹೆಸರು ಜೂಪ್ರಾಕ್ಸಿಸ್ಕೋಪ್. ಸಿನಿಮಾ ಬರುವುದಕ್ಕೆ ಮೊದಲಿನ ಮಾತು ಇದು.

ಅನಂತರ ದೊಡ್ಡ ಅನ್ಯಾಯವಾಯಿತು. 1882ರಲ್ಲಿ ಸ್ಟ್ಯಾನ್‌ಫರ್ಡ್ ಕುದುರೆಯ ಓಟದ ಬಗ್ಗೆ ಬೇರೆಯವರಿಂದ ಒಂದು ಪುಸ್ತಕ ಬರೆಸಿದರು. ಅದರ ಮುಖಪುಟದಲ್ಲಿ ಮೈಬ್ರಿಜ್ ಹೆಸರೇ ಇರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯವರಿಗೂ ಇವರ ಮೇಲೆ ಸಂಶಯ ಬಂದು, ಇವರ ಲೇಖನವನ್ನು ಪ್ರಕಟಿಸಲಿಲ್ಲ. ಮೈಬ್ರಿಜ್ ಕೋರ್ಟಿಗೆ ಹೋದರೂ ಸೋತರು.

ಆದರೆ ಕೆಲಸ ಬಿಡಲಿಲ್ಲ. 1884ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಾಯಿ, ಬೆಕ್ಕು, ಆನೆ, ಒಂಟೆ, ಹಕ್ಕಿ, ಮನುಷ್ಯ ಎಲ್ಲರ ಚಲನೆಯನ್ನೂ ಫೋಟೋದಲ್ಲಿ ಹಿಡಿದರು. 1887ರಲ್ಲಿ ಪ್ರಕಟವಾದ ಅವರ ಸಂಗ್ರಹದಲ್ಲಿ 781 ದೊಡ್ಡ ಹಾಳೆಗಳಿದ್ದವು. 1904ರ ಮೇ 8ರಂದು ಹುಟ್ಟಿದ ಊರಿನಲ್ಲೇ ತೀರಿಕೊಂಡರು. ಅವರ ಸಮಾಧಿಯ ಕಲ್ಲಿನಲ್ಲೂ ಹೆಸರು ತಪ್ಪಾಗಿ ಮೇಬ್ರಿಜ್ ಎಂದು ಕೆತ್ತಿದ್ದಾರೆ!

ಇಂದಿಗೂ ಕಂಪ್ಯೂಟರಿನಲ್ಲಿ ಪ್ರಾಣಿ ಓಡಿಸುವವರು ಅವರ ಚಿತ್ರಗಳನ್ನು ನೋಡಿ ಕಲಿಯುತ್ತಾರೆ. ಮುಖ್ಯ ಭಂಗಿಗಳನ್ನು ನಾವು ಕೊಟ್ಟರೆ ನಡುವಿನ ಚಿತ್ರಗಳನ್ನು ಕಂಪ್ಯೂಟರ್ ಲೆಕ್ಕ ಹಾಕಿ ತುಂಬಿಸುವ ವಿಧಾನ ಉಂಟು. ಆದರೆ ಯಾವ ಕಾಲು ಯಾವಾಗ ಎಂದು ನಾವು ತಪ್ಪು ಹೇಳಿದರೆ, ಅದೂ ತಪ್ಪನ್ನೇ ಮಾಡ್ತದೆ. ಅದಕ್ಕೆ ಕೋಣವೂ ಗೊತ್ತಿಲ್ಲ, ಕಪ್ಪೆಯೂ ಗೊತ್ತಿಲ್ಲ.

ಕಂಬಳದ ಕೋಣದ ಕಾಲು ನೀರಿನಲ್ಲಿ ಕಾಣದ ಕಾರಣ ನಾನು ನಮ್ಮ ಮನೆಯ ಕರುವನ್ನು ಅಂಗಳದಲ್ಲಿ ಓಡಿಸಿದೆ. ಅಪ್ಪನ ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ 8 ಚಿತ್ರ ಬಿಡಿಸಿದೆ. ಈಗ ಕಂಪ್ಯೂಟರಿನ ಕರು ಕಪ್ಪೆಯ ಹಾಗೆ ಹಾರುವುದಿಲ್ಲ, ಕರುವಿನ ಹಾಗೇ ಓಡ್ತದೆ. ಬಾಲ ಮಾತ್ರ ಇನ್ನೂ ಸರಿಯಾಗಿಲ್ಲ. ನೋಡಬೇಕಾದವರು ಶನಿವಾರ ಕಂಪ್ಯೂಟರ್ ಕ್ಲಾಸಿಗೆ ಬನ್ನಿ. ಚಿತ್ರದ ಕೊನೆಯಲ್ಲಿ ನನ್ನ ಹೆಸರಿನ ಜೊತೆ, ವಿಡಿಯೋ ತೆಗೆದ ನನ್ನ ತಂಗಿಯ ಹೆಸರನ್ನೂ ಹಾಕಿದ್ದೇನೆ.

– 9ನೇ ತರಗತಿಯ ವಿದ್ಯಾರ್ಥಿ