ವಿಶ್ವೇಶ್ವರಯ್ಯನವರ ಶಿಸ್ತು ಹುಟ್ಟಿನಿಂದಲೇ ಬಂದದ್ದೇ? ಕೆಜಿಎಫ್‌ಗೆ ಕರೆಂಟು ಕೊಟ್ಟ ಕಥೆಯಲ್ಲಿ ತರಗತಿಗೊಂದು ಪಾಠ

ಸೆಪ್ಟೆಂಬರ್ 15, ಎಂಜಿನಿಯರ್‌ಗಳ ದಿನ ಬಂತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಫಾರ್ವರ್ಡ್‌ಗಳು ಸಾಲುಗಟ್ಟಿ ಬರುತ್ತವೆ. ರೈಲಿನ ಸದ್ದು ಕೇಳಿಯೇ ಹಳಿ ಮುರಿದಿದೆ ಎಂದು ಹೇಳಿದ ಕಥೆ, ಸರ್ಕಾರಿ ಮೇಣದಬತ್ತಿ ಆರಿಸಿ ಸ್ವಂತದ್ದನ್ನು ಹಚ್ಚಿದ ಕಥೆ ನಿಮಗೂ ಬಂದಿರುತ್ತವೆ. ಓದಿದ ಮೇಲೆ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ಅಂಥ ಶಿಸ್ತು ಹುಟ್ಟಿನಿಂದಲೇ ಬರಬೇಕು, ನಮ್ಮ ಮಗುವಿಗೆ ಅದಿಲ್ಲ. ಇಂದು ನಾವು ಪರಿಶೀಲಿಸುವುದು ಈ ನಂಬಿಕೆಯನ್ನು.

ಮುದ್ದೇನಹಳ್ಳಿಯ ಹುಡುಗ

ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. 2007ರವರೆಗೂ ಅದು ಕೋಲಾರ ಜಿಲ್ಲೆಯದೇ ಊರು. ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯ, ಓದಲು ಬೆಂಗಳೂರಿಗೆ ಬಂದು ಸೋದರಮಾವನ ಆಸರೆ ಪಡೆದರು. ಖರ್ಚಿಗಾಗಿ ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿದರು. ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್ ಈ ವಿದ್ಯಾರ್ಥಿಯ ಬೆನ್ನಿಗೆ ನಿಂತರು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು.

ಸೋದರಮಾವ, ಪ್ರಾಂಶುಪಾಲ, ಸರ್ಕಾರ ಮೂವರೂ ಕೈಹಿಡಿದದ್ದನ್ನು ಫಾರ್ವರ್ಡ್‌ಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಪ್ರತಿಭೆ ಅವರದೇ, ಆದರೆ ಅದಕ್ಕೆ ಆಸರೆಯೂ ಇತ್ತು.

ಕೆಜಿಎಫ್‌ನ ಗಡುವು

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೇಸಿಗೆಯಲ್ಲಿ ಕಾವೇರಿಯ ನೀರು ಇಳಿದರೆ ಕರೆಂಟೂ ಕುಸಿಯುತ್ತಿತ್ತು. ಗಣಿಗೆ ಮಾತ್ರ ವರ್ಷವಿಡೀ ವಿದ್ಯುತ್ ಬೇಕು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ವಿಶ್ವೇಶ್ವರಯ್ಯ, ನೀರು ಕೂಡಿಡಲು ಕನ್ನಂಬಾಡಿಯಲ್ಲಿ ಅಣೆಕಟ್ಟು ಯೋಜಿಸಿದರು. 1911ರಲ್ಲಿ ಕೆಲಸ ಶುರುವಾಯಿತು. ಅವರ ಗುರಿ 124 ಅಡಿ. ಆದರೆ ಮದ್ರಾಸ್ ಸರ್ಕಾರ ಒಪ್ಪಿದ್ದು 80 ಅಡಿಯ ಮೊದಲ ಹಂತಕ್ಕೆ ಮಾತ್ರ. ಅವರು ಕೆಲಸವನ್ನು ಎರಡು ಹಂತಗಳಾಗಿ ಒಡೆದರು: ಈಗ ಕಟ್ಟುವುದು 80 ಅಡಿಗೆ, ಅಡಿಪಾಯ ಹಾಕುವುದು ಪೂರ್ಣ ಎತ್ತರಕ್ಕೆ. ಗಣಿಗೆ ಹೆಚ್ಚು ವಿದ್ಯುತ್ ಕೊಡುವ ಗಡುವು 1915ಕ್ಕಿತ್ತು. ಮಲೇರಿಯಾ ಕಾಡುತ್ತಿದ್ದರೂ ಸಾವಿರಾರು ಕೂಲಿಯಾಳುಗಳು ರಾತ್ರಿ ದೀಪದ ಬೆಳಕಿನಲ್ಲೂ ದುಡಿದು ಮೊದಲ ಹಂತವನ್ನು ಮುಗಿಸಿದರು.

ಈ ನಡುವೆ, 1912ರಿಂದ 1918ರವರೆಗೆ ವಿಶ್ವೇಶ್ವರಯ್ಯ ದಿವಾನರೂ ಆಗಿದ್ದರು. 1913ರ ಪ್ರಾಥಮಿಕ ಶಿಕ್ಷಣ ಕಾಯ್ದೆ, 1916ರ ಮೈಸೂರು ವಿಶ್ವವಿದ್ಯಾಲಯ ಆ ಕಾಲದವು. 1955ರಲ್ಲಿ ಭಾರತರತ್ನ ಪಡೆದು, ನೂರು ದಾಟಿ, 1962ರಲ್ಲಿ ತೀರಿಕೊಂಡರು.

ಮೆದುಳಿನ ಮೇಸ್ತ್ರಿ

ಗುರಿಯನ್ನು ನೆನಪಿಟ್ಟು, ಕೆಲಸವನ್ನು ಒಡೆದು, ಅಡ್ಡಿ ಬಂದಾಗ ದಾರಿ ಬದಲಿಸುವ ಸಾಮರ್ಥ್ಯವನ್ನು ವಿಜ್ಞಾನ ಎಕ್ಸಿಕ್ಯುಟಿವ್ ಫಂಕ್ಷನ್ ಎನ್ನುತ್ತದೆ. ಮೆದುಳೊಳಗಿನ ಮೇಸ್ತ್ರಿ ಎಂದುಕೊಳ್ಳಿ. ಈ ಮೇಸ್ತ್ರಿಗೆ ಮುಖ್ಯವಾಗಿ ಮೂರು ಕೆಲಸ: ಬೇಕಾದ ಮಾಹಿತಿಯನ್ನು ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಡುವುದು, ಮನಸ್ಸು ಅತ್ತಿತ್ತ ಹೋಗದಂತೆ ತಡೆಯುವುದು, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕುವುದು. ಇದರಲ್ಲಿ ಮುಖ್ಯ ಪಾತ್ರ ಹಣೆಯ ಹಿಂದಿರುವ ಮೆದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಆದ್ದರಿಂದ ಪುಸ್ತಕ ಮರೆತು ಬರುವ, ಅರ್ಧ ಲೆಕ್ಕಕ್ಕೇ ಎದ್ದುಹೋಗುವ ಹತ್ತು ವರ್ಷದ ಮಗು ಸೋಮಾರಿಯೂ ಅಲ್ಲ, ದಡ್ಡನೂ ಅಲ್ಲ. ಅದರ ಮೇಸ್ತ್ರಿ ಇನ್ನೂ ಕೆಲಸ ಕಲಿಯುತ್ತಿದ್ದಾನೆ.

ಹುಟ್ಟುಗುಣದ ಪಾಲು ಇಲ್ಲವೆಂದಲ್ಲ, ಇದೆ. ಆದರೆ ಕಲಿಕೆಯ ಪಾಲೂ ಇದೆ.

ಕೆಜಿಎಫ್, ಬಂಗಾರಪೇಟೆಯ ತರಗತಿಯಲ್ಲಿ

2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅಪ್ಪ ಅಮ್ಮ ಮನೆಗೆ ಬರುವಾಗ ರಾತ್ರಿಯಾಗಿರುತ್ತದೆ. ಬ್ಯಾಗ್ ಜೋಡಿಸಿದೆಯಾ, ಹೋಂವರ್ಕ್ ಮುಗಿಯಿತಾ ಎಂದು ಕೇಳುವವರು ಅಂಥ ಮನೆಗಳಲ್ಲಿ ಕಡಿಮೆ. ಇನ್ನು ಮನೆಯಲ್ಲಿ ತಮಿಳು, ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. ಶಾಲೆಯ ಭಾಷೆ ಇನ್ನೂ ಕೈಗೆ ಹತ್ತದ ಮಗುವಿಗೆ ಟೀಚರ್ ಒಂದೇ ಉಸಿರಿನಲ್ಲಿ ನಾಲ್ಕು ಸೂಚನೆ ಕೊಟ್ಟರೆ, ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಎರಡು ಮರೆತಿರುತ್ತದೆ. ಹಾಗಾಗಿ ಇಲ್ಲಿ ತರಗತಿಯ ಆಸರೆ ದೊಡ್ಡದು.

ದುಡ್ಡು ಬೇಕಿಲ್ಲದ ಕೆಲವು ದಾರಿಗಳು:

1. ದಿನದ ಕೆಲಸಗಳನ್ನು ಬೋರ್ಡಿನ ಒಂದೇ ಮೂಲೆಯಲ್ಲಿ ಪ್ರತಿದಿನ ಬರೆಯಿರಿ. ಬೋರ್ಡಿನ ಮೇಲಿರುವುದನ್ನು ತಲೆ ಹೊರಬೇಕಿಲ್ಲ.
2. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ.
3. ಪ್ರಾಜೆಕ್ಟನ್ನು ಕನ್ನಂಬಾಡಿಯಂತೆ ಹಂತಗಳಾಗಿ ಒಡೆಯಿರಿ. ಸೋಮವಾರ ವಿಷಯ, ಬುಧವಾರ ಚಿತ್ರ, ಶುಕ್ರವಾರ ಬರಹ. ಪ್ರತಿ ಹಂತಕ್ಕೂ ಗಡುವಿರಲಿ.
4. ಶಾಲೆ ಬಿಡುವ ಮುಂಚೆ ಐದು ನಿಮಿಷ ಎಲ್ಲರೂ ಬ್ಯಾಗ್ ಜೋಡಿಸಲಿ.
5. ಮಗು ಪಳಗುತ್ತಾ ಹೋದಂತೆ ಸಹಾಯವನ್ನು ಸ್ವಲ್ಪ ಸ್ವಲ್ಪವೇ ಹಿಂದೆಗೆಯಿರಿ.

ನೆನಪಿನ ಶಕ್ತಿಯ ಟಾನಿಕ್‌ಗೆ ದುಡ್ಡು ಸುರಿಯಬೇಡಿ. ಮೊಬೈಲಿನ ಬ್ರೇನ್ ಗೇಮ್ ಆಡಿದರೆ ಆ ಆಟದಲ್ಲಿ ಜಾಣತನ ಬರಬಹುದು, ಆದರೆ ಅದು ಓದಿಗೆ ಅಷ್ಟಾಗಿ ದಾಟುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಮನೆ, ಶಾಲೆ ಎರಡೂ ಕಡೆ ತಿಂಗಳುಗಟ್ಟಲೆ ತೊಂದರೆ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಎಡಿಎಚ್‌ಡಿಯಂಥ ಸಮಸ್ಯೆಗೆ ಬೈಗುಳ ಮದ್ದಲ್ಲ.

ಹಾಗಾದರೆ ಸತ್ಯವೇನು?

ಒಬ್ಬರ ಜೀವನಕಥೆ ವೈಜ್ಞಾನಿಕ ಪುರಾವೆಯಾಗದು, ಒಳ್ಳೆಯ ಉದಾಹರಣೆಯಾಗಬಹುದು. ವಿಶ್ವೇಶ್ವರಯ್ಯನವರು ದೊಡ್ಡ ಕೆಲಸವನ್ನು ತಲೆಯಲ್ಲೇ ಹೊತ್ತು ತಿರುಗಲಿಲ್ಲ. ವೇಳಾಪಟ್ಟಿ, ನಕ್ಷೆ, ಹಂತ, ಗಡುವುಗಳಾಗಿ ಕಾಗದಕ್ಕೆ ಇಳಿಸಿದರು. ಆ ರೂಢಿಯನ್ನು ಮಕ್ಕಳಿಗೂ ಕಲಿಸಬಹುದು. ಮುಂದಿನ ಸೆಪ್ಟೆಂಬರ್ 15ಕ್ಕೆ ರೈಲಿನ ಕಥೆ ಕಳಿಸುವವರು ಅದರ ಜೊತೆಗೆ ಈ ಐದು ದಾರಿಗಳನ್ನೂ ನಿಮ್ಮ ಶಾಲೆಯ ಗ್ರೂಪಿಗೆ ಕಳಿಸಿ.